ಅಂಕ ತೊಂಬತ್ತೇಳು, ಮಾತು ತೊದಲು

ಪಿಯುಸಿಯಲ್ಲಿ ನಾನು ಫ್ರೆಂಚ್ ತೆಗೆದುಕೊಂಡದ್ದು ಫ್ರಾನ್ಸ್ ಮೇಲಿನ ಪ್ರೀತಿಯಿಂದಲ್ಲ, ಅಂಕದ ಮೇಲಿನ ಪ್ರೀತಿಯಿಂದ. ‘ಕನ್ನಡ ತಗೊಂಡ್ರೆ ಹಳಗನ್ನಡ, ಪ್ರಬಂಧ ಅಂತ ಒದ್ದಾಡ್ಬೇಕು. ಫ್ರೆಂಚ್ ಆದ್ರೆ ನಾಲ್ಕು ಪತ್ರ, ನಾಲ್ಕು ಸಂಭಾಷಣೆ ಉರು ಹೊಡೆದ್ರೆ ಮುಗೀತು’ ಎಂದು ಸೀನಿಯರ್‌ಗಳು ಹೇಳಿದ್ದರು. ಅವರ ಮಾತು ಸುಳ್ಳಾಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂದಾಗ ಫ್ರೆಂಚ್‌ನಲ್ಲಿ ನನಗೆ ನೂರಕ್ಕೆ 97. ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ, ‘ನಮ್ಮ ಮಗಳಿಗೆ ಫ್ರೆಂಚ್ ನೀರು ಕುಡಿದಷ್ಟು ಸುಲಭ’ ಅಂದರು. ಮೂರು ತಿಂಗಳಾದ ಮೇಲೆ ಫ್ರಾನ್ಸಿನ ಒಂದು ಊಟದ ಮೇಜಿನ ಮುಂದೆ ಕುಳಿತು, ನೀರು ಬೇಕೆಂದು ಕೇಳಲು ಬಾಯಿ ಬಾರದೆ ಒಣ ಬ್ರೆಡ್ ನುಂಗಿದವಳೂ ಇದೇ ಮಗಳು.

ಹದಿಹರೆಯದವರಿಗಾಗಿ ಫ್ರಾನ್ಸಿನ ಹಲವು ಊರುಗಳಲ್ಲಿ ಬೇಸಿಗೆಯ ಭಾಷಾ ಶಿಬಿರಗಳು ನಡೆಯುತ್ತವೆ. ಜುಲೈ, ಆಗಸ್ಟ್‌ನಲ್ಲಿ ಎರಡು ಮೂರು ವಾರ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಊರು ಸುತ್ತಾಟ, ರಾತ್ರಿ ಯಾವುದಾದರೊಂದು ಮನೆಯಲ್ಲಿ ಆ ಮನೆಯವರಂತೆಯೇ ವಾಸ. ನಮ್ಮ ಫ್ರೆಂಚ್ ಲೆಕ್ಚರರ್ ಆರು ಮಂದಿಯನ್ನು ಕರೆದುಕೊಂಡು ಹೊರಟಿದ್ದರು. ಸಿಇಟಿ ಫಲಿತಾಂಶ ಬಂದು ಸೀಟು ಹಂಚಿಕೆಗೆ ಕಾಯುತ್ತಿದ್ದ ಸಮಯ. ನನಗಿನ್ನೂ ಹದಿನೇಳು. ವಿಮಾನ, ವೀಸಾ, ಶುಲ್ಕ ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಬರುತ್ತದೆ ಎಂದಾಗ ನಾನೇ ಬೇಡವೆಂದಿದ್ದೆ. ಅಪ್ಪ ಕೇಳಲಿಲ್ಲ. ಹಳೆಯ ಓಮ್ನಿ ಬದಲಿಸಲು ಕೂಡಿಟ್ಟಿದ್ದ ಹಣ ಇತ್ತು. ‘ವ್ಯಾನ್ ಇನ್ನೂ ಎರಡು ವರ್ಷ ಓಡುತ್ತೆ. ನೀನು ಹೋಗಿ ಬಾ’ ಅಂದುಬಿಟ್ಟರು.

ಅಪ್ಪನದು ಕಾಮಾಕ್ಷಿಪಾಳ್ಯದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ಮಿಕ್ಸಿ, ಫ್ಯಾನು ಎಲ್ಲ ಅಲ್ಲಿಗೆ ಬರುತ್ತವೆ. ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಹೇಳುವ ಮನುಷ್ಯ. ಆದರೆ ಇಂಗ್ಲಿಷ್ ಎಂದರೆ ನಾಲಿಗೆ ಹಿಂದೆ ಸರಿಯುತ್ತದೆ.

ಮೇ ತಿಂಗಳಲ್ಲಿ ವೀಸಾ ಕೇಂದ್ರಕ್ಕೆ ಹೋದೆವು. ಅಪ್ರಾಪ್ತರಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ, ಬ್ಯಾಂಕ್ ವಿವರ, ವಿಮೆ, ಶಿಬಿರದ ಪತ್ರ, ಉಳಿದುಕೊಳ್ಳುವ ಮನೆಯ ವಿಳಾಸ, ಹೀಗೆ ಒಂದು ಫೈಲ್ ತುಂಬ ಕಾಗದ. ಕೌಂಟರಿನಲ್ಲಿದ್ದವರು ಅಪ್ಪನ ಕಡೆ ತಿರುಗಿ, ಯಾವ ಉದ್ಯೋಗ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ‘ಸರ್, ಐ ಆಮ್... ಮೋಟಾರ್...’ ಎಂದು ಶುರು ಮಾಡಿದರು. ಹಿಂದೆ ಸಾಲು ಇತ್ತು. ನನಗೆ ಮೈಯೆಲ್ಲ ಹಿಡಿಯಾದಂತಾಯಿತು. ‘ಅಪ್ಪ, ನೀವು ಸುಮ್ನಿರಿ, ನಾನು ಹೇಳ್ತೀನಿ’ ಎಂದು ಮುಂದೆ ಬಾಗಿ, ‘ಬಿಸಿನೆಸ್’ ಎಂದೆ. ಅಪ್ಪ ಕೈಕಟ್ಟಿ ನಿಂತರು. ಕೆಲಸ ಬೇಗ ಮುಗಿಯಿತು. ಹೊರಗೆ ಬಂದು ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ, ‘ನೀನೇ ಮಾತಾಡಿದ್ದು ಒಳ್ಳೇದಾಯ್ತು ಬಿಡು’ ಅಂದರು. ಆಗ ನನಗೆ ಅದು ಹೊಗಳಿಕೆಯಂತೆಯೇ ಕೇಳಿಸಿತ್ತು.

‘ಟೂರಾ? ಎಷ್ಟು ದಿನ?’

ನಾವು ಹೋಗಬೇಕಿದ್ದ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ನೋಡಿದರೆ ‘ಟೂರ್ಸ್’. ಅಮ್ಮ ಹಾಗೆಯೇ ಹೇಳುತ್ತಿದ್ದರು. ನೆಂಟರು ‘ಟೂರಾ? ಎಷ್ಟು ದಿನ?’ ಎನ್ನುತ್ತಿದ್ದರು. ಕೊನೆಯ ಅಕ್ಷರ ನುಂಗಿ ‘ತೂರ್’ ಎನ್ನಬೇಕು. ಬರೆದದ್ದನ್ನೆಲ್ಲ ಓದಿ ಅಭ್ಯಾಸವಾದ ಕನ್ನಡದವರಿಗೆ ಫ್ರೆಂಚ್ ಕೊಡುವ ಮೊದಲ ಪೆಟ್ಟು ಅದು. ಬರೆಯುವುದು ಐದಕ್ಷರ, ಉಚ್ಚರಿಸುವುದು ಎರಡು.

ಹೊರಡುವ ಹತ್ತು ದಿನ ಮೊದಲು ಎಲ್ಲ ತಲೆಕೆಳಗಾಗುವಂತಿತ್ತು. ಜೂನ್ 27ರಂದು ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿ ವಾಹನ ತಪಾಸಣೆ ವೇಳೆ ಪೊಲೀಸ್ ಗುಂಡಿಗೆ ಹದಿನೇಳು ವರ್ಷದ ಹುಡುಗನೊಬ್ಬ ಸತ್ತ. ಮುಂದಿನ ಹಲವು ರಾತ್ರಿ ದೇಶದ ಊರೂರಲ್ಲಿ ಬೆಂಕಿ, ಗಲಭೆ. ಟಿ.ವಿ.ಯಲ್ಲಿ ಉರಿಯುವ ಕಾರುಗಳನ್ನು ನೋಡಿ ಅಮ್ಮ ಸೂಟ್‌ಕೇಸ್ ಮೇಲೆಯೇ ಕುಳಿತುಬಿಟ್ಟರು. ‘ನಿನ್ನ ವಯಸ್ಸೇ ಆ ಹುಡುಗನಿಗೂ. ಹೋಗೋದೇ ಬೇಡ’. ಜುಲೈ ಮೊದಲ ವಾರದ ಹೊತ್ತಿಗೆ ಗಲಭೆ ತಣ್ಣಗಾಯಿತು. ಅಮ್ಮ ತಣ್ಣಗಾಗಲಿಲ್ಲ, ಆದರೂ ಚಟ್ನಿಪುಡಿ ಕಟ್ಟಿಕೊಟ್ಟರು.

ಲ್ವಾರ್ ನದಿಯ ದಂಡೆಯಲ್ಲಿ, ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚಿನ ದೂರದಲ್ಲಿದೆ ತೂರ್. ಅಲ್ಲಿಯವರ ಫ್ರೆಂಚ್ ತುಂಬ ಶುದ್ಧ ಎಂಬ ಹೆಸರು ಹಿಂದಿನಿಂದಲೂ ಇದೆ. ನಮ್ಮಲ್ಲಿ ಧಾರವಾಡದ ಕನ್ನಡ ಹೆಚ್ಚೋ ಮೈಸೂರಿನ ಕನ್ನಡ ಹೆಚ್ಚೋ ಎಂದು ವಾದ ಮಾಡುತ್ತೇವಲ್ಲ, ಹಾಗೆ ಅಲ್ಲೂ ಬೇರೆ ಊರಿನವರು ಇದನ್ನು ಒಪ್ಪುವುದಿಲ್ಲವಂತೆ.

ಮೊದಲ ದಿನ ಮಟ್ಟ ಗುರುತಿಸುವ ಪರೀಕ್ಷೆ. ಯುರೋಪಿನಲ್ಲಿ ಭಾಷಾ ಕಲಿಕೆಯನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲಾಗಿ ವಿಂಗಡಿಸಿದ್ದಾರೆ. ಬರವಣಿಗೆ ಚೆನ್ನಾಗಿಯೇ ಆಯಿತು. ನಂತರ ಶಿಕ್ಷಕಿ ಎದುರು ಕುಳಿತು ಮಾತು. ಹಿಂದೆ ಫ್ರೆಂಚ್ ಓದಿದ್ದೀಯಾ? ಹೌದು. ಎಷ್ಟು ಅಂಕ?

ನೀವೇ ನೋಡಿ. ಫ್ರೆಂಚ್‌ನಲ್ಲಿ ಎಪ್ಪತ್ತಕ್ಕೆ ಸ್ವಂತ ಪದವಿಲ್ಲ, ‘ಅರವತ್ತು ಹತ್ತು’ ಎನ್ನುತ್ತಾರೆ. ಎಂಬತ್ತು ಎಂದರೆ ‘ನಾಲ್ಕು ಇಪ್ಪತ್ತು’. ತೊಂಬತ್ತೇಳು ಎಂದರೆ ‘ನಾಲ್ಕು ಇಪ್ಪತ್ತು ಹದಿನೇಳು’, ‘ಕಾತ್ರ್ ವ್ಯಾಂ ದಿಸೆತ್’. ಇದು ಪುಸ್ತಕದಲ್ಲಿ ಗೊತ್ತಿತ್ತು. ಆದರೆ ಒಂದು ಮುಖ ನನ್ನನ್ನು ನೋಡುತ್ತಿರುವಾಗ ನಾಲ್ಕು ಇಪ್ಪತ್ತಲಿ ಎಂಬತ್ತು, ಅದಕ್ಕೆ ಹದಿನೇಳು ಎಂದು ತಲೆ ಲೆಕ್ಕ ಹಾಕುತ್ತ, ಬಾಯಿ ‘ಕಾತ್ರ್... ಕಾತ್ರ್...’ ಎನ್ನುತ್ತ ನಿಂತುಹೋಯಿತು. ನನ್ನ ಅಂಕವನ್ನು ನನ್ನಿಂದಲೇ ಹೇಳಲಾಗಲಿಲ್ಲ. ಕೊನೆಗೆ ಬೆರಳಿನಿಂದ ಗಾಳಿಯಲ್ಲಿ ಬರೆದೆ. ಆಕೆ ನಗಲಿಲ್ಲ, ಇಂಗ್ಲಿಷಿಗೂ ಹೊರಳಲಿಲ್ಲ. ನಾನು ಬರೆದು ಮುಗಿಸುವ ತನಕ ಕಾದು, ಆ ಸಂಖ್ಯೆಯನ್ನು ನಿಧಾನವಾಗಿ ಹೇಳಿ, ನಾನು ಮತ್ತೆ ಹೇಳುವ ತನಕ ಮತ್ತೊಮ್ಮೆ ಕಾದರು. ನನ್ನನ್ನು ಎ2 ತರಗತಿಗೆ ಹಾಕಿದರು. ಬಿ1 ಸಿಗಬಹುದು ಎಂದುಕೊಂಡಿದ್ದ ನನ್ನ ಸೊಕ್ಕು ಅಲ್ಲೇ ಅರ್ಧ ಇಳಿಯಿತು.

ಮೂಕಳ ಮೂರು ದಿನ

ನನಗೆ ಸಿಕ್ಕ ಮನೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯದು. ಎಲ್ಲರೂ ‘ಮದಾಮ್’ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಗಂಡ ರೈಲ್ವೆ ಕಾರ್ಯಾಗಾರದಲ್ಲಿದ್ದವರು, ತೀರಿಕೊಂಡು ಕೆಲವು ವರ್ಷವಾಗಿತ್ತು. ಮದಾಮ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮೊದಲ ಮೂರು ದಿನ ನಾನು ಮೂಕಳು. ಮನೆಯಲ್ಲಿ ಬಾಯಿ ಮುಚ್ಚದೆ ವಟಗುಟ್ಟುವವಳು, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವಳು ಅಲ್ಲಿ ‘ವುಯಿ’, ‘ನೊಂ’, ‘ಮೆರ್ಸಿ’ ಮೂರೇ ಪದಗಳ ಮನುಷ್ಯಳಾದೆ. ಭಾಷೆ ಬಾರದಿದ್ದರೆ ಹೇಳಬೇಕಾದ್ದು ಸಿಕ್ಕಿಕೊಳ್ಳುವುದು ಮಾತ್ರವಲ್ಲ, ನಾವೇ ಚಿಕ್ಕವರಾಗಿಬಿಡುತ್ತೇವೆ. ತಮಾಷೆ ಮಾಡಲಾಗುವುದಿಲ್ಲ, ವಾದಿಸಲಾಗುವುದಿಲ್ಲ. ಹದಿನೇಳರ ತಲೆಯೊಳಗಿನದೆಲ್ಲ ಮೂರು ವರ್ಷದ ಮಗುವಿನ ಬಾಯಿಂದ ಹೊರಬರಬೇಕು. ಬೇಕರಿಗೆ ಹೋಗಿ ‘ಒಂದು ಬಗೆತ್’ ಎಂದರೆ ಅಂಗಡಿಯಾಕೆ ಬ್ರೆಡ್ ಕೊಡದೆ ‘ಬೊಂಝೂರ್’ ಎಂದು ಒತ್ತಿ ಹೇಳಿದರು. ಒಳಗೆ ಕಾಲಿಟ್ಟ ಕೂಡಲೇ ನಮಸ್ಕಾರ ಹೇಳದೆ ವ್ಯವಹಾರಕ್ಕಿಳಿಯುವುದು ಅಲ್ಲಿ ಒರಟುತನ. ನನ್ನ ಪಠ್ಯದ ಸಂಭಾಷಣೆಗಳೆಲ್ಲ ‘ಬೊಂಝೂರ್’ನಿಂದಲೇ ಶುರುವಾಗುತ್ತಿದ್ದವು. ಉರು ಹೊಡೆದಿದ್ದೆ, ಆದರೆ ಅದು ಏಕೆ ಅಲ್ಲಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕು. ಮೂರನೇ ದಿನ ಬೆಳಕಿನಲ್ಲೇ ಊಟ. ಟೊಮೆಟೊ ಸಲಾಡ್, ಬೇಯಿಸಿದ ಬೀನ್ಸ್, ನಡುವೆ ಉದ್ದ ಹುಲ್ಲುಕಡ್ಡಿ ತೂರಿಸಿದ ಆಡಿನ ಹಾಲಿನ ಚೀಸ್. ಅದು ಆ ಸೀಮೆಯದೇ, ಸೇಂತ್ ಮೋರ್ ಎಂಬ ಊರಿನ ಹೆಸರಿನದು. ಮದಾಮ್ ಮತ್ತೆ ಬಡಿಸಲು ಬಂದರು. ‘ಐ ಆಮ್ ಫುಲ್’ ಎಂಬುದನ್ನು ಮನಸ್ಸಿನಲ್ಲೇ ಭಾಷಾಂತರಿಸಿ, ‘ಝ ಸ್ವಿ ಪ್ಲೆನ್’ ಎಂದೆ.

ಮದಾಮ್ ಚಮಚ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೊಟ್ಟೆ ದೊಡ್ಡದಿರುವಂತೆ ಕೈಮಾಡಿ, ‘ಅಂಬಾ’ ಎಂದು ಹಸುವಿನಂತೆ ಕೂಗಿ ತೋರಿಸಿದರು. ನಾನು ಹೇಳಿದ ವಾಕ್ಯಕ್ಕೆ ‘ನಾನು ಗಬ್ಬವಾಗಿದ್ದೇನೆ’ ಎಂದು ಅರ್ಥ. ಹಸು, ಬೆಕ್ಕುಗಳಿಗೆ ಹೇಳುವ ಮಾತು! ನನಗೂ ನಗು ತಡೆಯಲಾಗಲಿಲ್ಲ. ಅವರು ಒಮ್ಮೆ ಸ್ಪೇನಿಗೆ ಹೋಗಿ ತಾವು ಮಾಡಿಕೊಂಡ ಎಡವಟ್ಟನ್ನು ನಿಧಾನವಾಗಿ, ಅಭಿನಯಿಸಿ ಹೇಳಿದರು. ಅರ್ಧ ಅರ್ಥವಾಯಿತು. ಆ ರಾತ್ರಿ ಮೊದಲ ಬಾರಿಗೆ ನೀರು ಕೇಳಿ ಕುಡಿದೆ.

ಮರುದಿನ ತರಗತಿಯಲ್ಲಿ ಶಿಕ್ಷಕಿಗೆ ಇದನ್ನು ತಡವರಿಸುತ್ತ ಹೇಳಿದೆ. ಅವರು ಕೇಳಿದ ಪ್ರಶ್ನೆ ನಾನು ಎಣಿಸದೇ ಇದ್ದದ್ದು: ‘ನಿನ್ನ ಭಾಷೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’

ನಾನು ಕನ್ನಡದ ಮೂಲಕ ಯೋಚಿಸಿಯೇ ಇರಲಿಲ್ಲ. ಇಂಗ್ಲಿಷನ್ನು ಮುರಿದು ಫ್ರೆಂಚ್ ಮಾಡುತ್ತಿದ್ದೆ. ಈಗ ನೋಡಿದರೆ ಕನ್ನಡದಲ್ಲಿ ‘ನಾನು ಹಸಿದ’ ಎಂಬಂತೆ ಹೇಳುವುದು ಕಡಿಮೆ, ‘ನನಗೆ ಹಸಿವಾಗಿದೆ’ ಎನ್ನುತ್ತೇವೆ. ಫ್ರೆಂಚರದು ‘ಝೆ ಫ್ಯಾಂ’, ‘ನನ್ನಲ್ಲಿ ಹಸಿವಿದೆ’. ಸೆಖೆಗೂ ಚಳಿಗೂ ಹಾಗೆಯೇ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಫ್ರೆಂಚ್‌ನಲ್ಲಿ ಗೆಳೆಯರಿಗೆ ‘ತ್ಯು’, ಹಿರಿಯರಿಗೆ ‘ವೂ’. ನಮ್ಮ ತರಗತಿಯಲ್ಲಿದ್ದ ಅಮೆರಿಕದ ಹುಡುಗ ಇದರಲ್ಲಿ ದಿನವೂ ಎಡವುತ್ತಿದ್ದ. ನನಗೆ ‘ನೀನು’, ‘ನೀವು’ ಇದ್ದವಲ್ಲ, ಒಮ್ಮೆಯೂ ತಪ್ಪಲಿಲ್ಲ. ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಮನೆ ನೆನಪಾದಾಗ ಇಂಗ್ಲಿಷಿನಲ್ಲಿ ‘ನಾನು’ ಮುಂದೆ ನಿಂತು ‘ಐ ಮಿಸ್ ಯೂ’ ಎನ್ನುತ್ತದೆ. ಫ್ರೆಂಚ್‌ನಲ್ಲಿ ‘ತ್ಯು ಮ ಮಾಂಕ್’, ‘ನೀನು ನನಗೆ ಕೊರತೆಯಾಗಿದ್ದೀಯ’ ಎಂದಂತೆ. ನಾವು ‘ನಿನ್ನ ನೆನಪಾಗ್ತಿದೆ’ ಎನ್ನುತ್ತೇವೆ. ಎರಡರಲ್ಲೂ ‘ನಾನು’ ಹಿಂದೆ ಸರಿದು ನಿಲ್ಲುತ್ತದೆ.

ಅಂಕ ಸಿಗುವುದಿಲ್ಲವೆಂದು ಪಿಯುಸಿಯಲ್ಲಿ ಬಿಟ್ಟು ಬಂದ ಭಾಷೆಯೇ ಅಲ್ಲಿ ನನಗೆ ಊರುಗೋಲಾಯಿತು. ಹೆಣ್ಣು ಗಂಡಿನ ವಿಷಯದಲ್ಲಿ ಮಾತ್ರ ಕನ್ನಡ ಕೈಹಿಡಿಯಲಿಲ್ಲ. ನಮಗೆ ಮೇಜೂ ಪುಸ್ತಕವೂ ‘ಅದು’. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಉರು ಹೊಡೆಯುವುದೇ ದಾರಿ.

ಚಂದಮಾಮ ಎಂಬ ಸೋದರಮಾವ

ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ದಿನ. ಶಿಬಿರಕ್ಕೆ ರಜೆ. ಆ ವರ್ಷದ ಪ್ಯಾರಿಸ್ ಪರೇಡ್‌ಗೆ ಭಾರತದ ಪ್ರಧಾನಿಯೇ ಅತಿಥಿ, ನಮ್ಮ ಮೂರೂ ಸೇನೆಗಳ ತುಕಡಿ ಅಲ್ಲಿ ಹೆಜ್ಜೆ ಹಾಕಿತು. ಮದಾಮ್ ನನಗಾಗಿ ಟಿ.ವಿ. ಹಾಕಿ ಕೂರಿಸಿದ್ದರು. ಆದರೆ ನನ್ನ ಕಣ್ಣು ಕೈಯಲ್ಲಿದ್ದ ಫೋನಿನ ಮೇಲೆ. ಅದೇ ದಿನ ನಮ್ಮ ಸಮಯ ಮಧ್ಯಾಹ್ನ 2.35ಕ್ಕೆ, ಅಂದರೆ ಅಲ್ಲಿ ಬೆಳಿಗ್ಗೆ 11.05ಕ್ಕೆ ಶ್ರೀಹರಿಕೋಟದಿಂದ ಚಂದ್ರಯಾನ-3 ಹೊರಡಬೇಕಿತ್ತು.

‘ಅದೇನು?’ ಎಂದರು ಮದಾಮ್.

‘ಲ್ಯೂನ್... ಭಾರತ... ಇವತ್ತು... ಹೊರಡು...’ ಎಂದೆ.

ಮದಾಮ್ ರಿಮೋಟ್ ತೆಗೆದುಕೊಂಡು ಟಿ.ವಿ.ಯ ಸದ್ದು ಪೂರ್ತಿ ತೆಗೆದರು. ಅವರ ದೇಶದ ಹಬ್ಬ ಪರದೆಯ ಮೇಲೆ ಮೂಕವಾಗಿ ನಡೆಯುತ್ತಿತ್ತು. ಕುರ್ಚಿ ನನ್ನ ಕಡೆ ಎಳೆದುಕೊಂಡು ಕುಳಿತರು. ರಾಕೆಟ್ ಮೇಲೇರಿತು. ನನಗೆ ಕೂಗಬೇಕೆನಿಸಿತು, ಕೂಗಿದೆ. ಆಮೇಲೆ ವಿವರಿಸಲು ಹೊರಟೆ. ಪದಗಳು ಇರಲಿಲ್ಲ. ಒಂದು ಹಳೆಯ ಲಕೋಟೆಯ ಹಿಂದೆ ಭೂಮಿ, ಅದರ ಸುತ್ತ ಸಣ್ಣ ಮೊಟ್ಟೆ, ಅದಕ್ಕಿಂತ ದೊಡ್ಡ ಮೊಟ್ಟೆ, ಇನ್ನೂ ದೊಡ್ಡ ಮೊಟ್ಟೆ ಬರೆದೆ. ನೇರವಾಗಿ ಹೋಗಲು ಬಹಳ ದೊಡ್ಡ ರಾಕೆಟ್ ಬೇಕು, ನಮ್ಮದು ಭೂಮಿಯನ್ನೇ ಸುತ್ತಿ ಸುತ್ತಿ, ಪ್ರತಿ ಸುತ್ತಿನಲ್ಲಿ ಇನ್ನಷ್ಟು ದೂರ ಚಾಚಿ, ಕವಣೆ ಕಲ್ಲಿನ ಹಾಗೆ ಚಂದ್ರನತ್ತ ಜಿಗಿಯುತ್ತದೆ, ಅದಕ್ಕೇ ಒಂದು ತಿಂಗಳಿಗೂ ಹೆಚ್ಚು ಬೇಕು ಎಂದು ಹೇಳಬೇಕಿತ್ತು. ‘ದೊಡ್ಡದು, ದೊಡ್ಡದು, ಆಮೇಲೆ ಹೋಯ್ತು!’ ಎಂದು ಕೈಬೀಸಿ ತೋರಿಸಿದೆ. ನಾನು ತಡವರಿಸಿದಾಗ ಅವರು ಪದ ತುರುಕಲಿಲ್ಲ. ಕಾದರು. ನಾನು ಮುಗಿಸಿದ ಮೇಲೆ ಒಂದೇ ತಿದ್ದುಪಡಿ: ‘ಲ’ ಲ್ಯೂನ್. ಚಂದ್ರ ಹೆಣ್ಣು.

ನಾನು ಬಿಡಲಿಲ್ಲ. ನಮ್ಮಲ್ಲಿ ಚಂದ್ರ ಗಂಡು, ಅಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ ಸೋದರಮಾವ ಎಂದೆ. ‘ಅಮ್ಮನ ತಮ್ಮ’ ಎಂದು ಬಿಡಿಸಿ ಹೇಳಬೇಕಾಯಿತು. ಮದಾಮ್‌ಗೆ ಇದು ಎಷ್ಟು ಹಿಡಿಸಿತೆಂದರೆ, ಅಂದು ಸಂಜೆ ಊರಿನ ಪಟಾಕಿ ನೋಡಲು ನದಿಯ ಬಳಿ ಹೋದಾಗ ಪಕ್ಕದ ಮನೆಯವರಿಗೆಲ್ಲ, ಇವಳ ಮಾವನ ಮನೆಗೆ ಇವತ್ತು ರಾಕೆಟ್ ಹೊರಟಿದೆ ಎಂದು ಹೇಳಿಕೊಂಡು ಬಂದರು. ಲೆಕ್ಕ ಹಾಕಿದೆ. ಆ ಬೆಳಿಗ್ಗೆ ನಾನು ಇಪ್ಪತ್ತು ನಿಮಿಷ ಫ್ರೆಂಚ್ ಮಾತಾಡಿದ್ದೆ. ಎರಡು ವರ್ಷದ ಪಿಯುಸಿಯಲ್ಲಿ ಒಟ್ಟು ಅಷ್ಟು ಮಾತಾಡಿರಲಿಲ್ಲ.

ವಾರಾಂತ್ಯಗಳಲ್ಲಿ ಸುತ್ತಾಟ. ಆಂಬ್ವಾಜ್‌ನಲ್ಲಿ ಲಿಯೊನಾರ್ಡೊ ಡಾ ವಿಂಚಿ ಕೊನೆಯ ದಿನಗಳನ್ನು ಕಳೆದ ಮನೆ ನೋಡಿದೆವು. ದೊರೆ ಮೊದಲನೇ ಫ್ರಾನ್ಸ್ವಾ ಕರೆದನೆಂದು 1516ರಲ್ಲಿ ಇಟಲಿ ಬಿಟ್ಟು ಬಂದು, 1519ರಲ್ಲಿ ಅಲ್ಲೇ ಕಣ್ಮುಚ್ಚಿದ. ಅವನ ರೇಖಾಚಿತ್ರಗಳ ಯಂತ್ರಗಳನ್ನೆಲ್ಲ ಮಾದರಿಯಾಗಿ ಕಟ್ಟಿಟ್ಟಿದ್ದಾರೆ. ಅರವತ್ತು ದಾಟಿದ ಮೇಲೆ ಬೇರೆ ಭಾಷೆಯ ನೆಲದಲ್ಲಿ ಅವನು ನೀರನ್ನು ಹೇಗೆ ಕೇಳಿರಬಹುದು ಎಂಬ ಯೋಚನೆ ನನಗೆ ಬಂತು. ಶಾಂಬೋರ್ ಅರಮನೆಯಲ್ಲಿ ಜೋಡಿ ಸುರುಳಿ ಮೆಟ್ಟಿಲಿದೆ. ಒಂದರಲ್ಲಿ ಹತ್ತುವವರು, ಇನ್ನೊಂದರಲ್ಲಿ ಇಳಿಯುವವರು ನಡುವಿನ ಕಿಂಡಿಗಳಲ್ಲಿ ಮುಖ ಕಾಣುತ್ತಾರೆ, ಎದುರಾಗುವುದಿಲ್ಲ. ತೂರ್ ಪೇಟೆಯ ನಡುವೆ ಓಡುವ ಟ್ರಾಮ್‌ಗೆ ಮೇಲೆ ತಂತಿಯೇ ಇಲ್ಲ. ಹಳಿಗಳ ನಡುವಿನ ಪಟ್ಟಿಯಿಂದ ವಿದ್ಯುತ್ ಬರುತ್ತದೆ, ಟ್ರಾಮ್ ಮೇಲೆ ನಿಂತಿರುವಷ್ಟು ತುಂಡಿಗೆ ಮಾತ್ರ. ಅದನ್ನು ನೋಡಿದ ದಿನವೇ ಎಲೆಕ್ಟ್ರಿಕಲ್ ತೆಗೆದುಕೊಳ್ಳಬೇಕೆಂದು ನಿರ್ಧರಿಸಿದ್ದು. ನಾಂತೇರ್‌ನ ಹುಡುಗನ ವಿಷಯವೂ ತರಗತಿಯಲ್ಲಿ ಬಂತು. ಸ್ಪೇನಿನ ಹುಡುಗಿ ಕೇಳಿದಳು. ಶಿಕ್ಷಕಿ ಮಾತು ತಪ್ಪಿಸಲಿಲ್ಲ, ಈ ಬಗ್ಗೆ ನಮ್ಮ ಮನೆಗಳಲ್ಲೂ ಜಗಳವಿದೆ ಎಂದರು. ಸಂಸ್ಕೃತಿ ಎಂದರೆ ಅರಮನೆ, ಚೀಸ್ ಮಾತ್ರವಲ್ಲ ಎಂಬುದು ಅರ್ಥವಾಗಲು ಆ ಒಂದು ವಾಕ್ಯ ಸಾಕಾಯಿತು.

ಕಂಡೆನ್ಸರ್

ಎರಡನೇ ವಾರ ಒಂದು ಸಂಜೆ ವಿಪರೀತ ಸೆಖೆ. ಮದಾಮ್ ಅಟ್ಟದಿಂದ ಹಳೆಯ ಟೇಬಲ್ ಫ್ಯಾನ್ ಇಳಿಸಿ ಹಾಕಿದರು. ಗುಂಯ್ ಎಂದಿತು, ತಿರುಗಲಿಲ್ಲ. ‘ಸತ್ತಿದೆ’ ಎಂದರು. ಗಂಡ ತಂದಿದ್ದ ಫ್ಯಾನಂತೆ, ಎಸೆಯಲು ಮನಸ್ಸಿಲ್ಲ.

ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ. ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಫ್ಯಾನಿಗೆ ಇಲ್ಲಿ ‘ವಾಂತಿಲಾತರ್’ ಅಂತಾರೆ ಎಂದೆ. ‘ವಾಂತಿನಾ?’ ಎಂದು ಅಪ್ಪ ನಕ್ಕು, ಫೋನನ್ನು ಫ್ಯಾನಿನ ಹತ್ತಿರ ಹಿಡಿಯಲು ಹೇಳಿದರು. ಸದ್ದು ಕೇಳಿದರು. ‘ಒಂದು ಪೆನ್ಸಿಲ್ ತಗೊಂಡು ರೆಕ್ಕೆ ಮೆಲ್ಲಗೆ ತಳ್ಳು. ಬೆರಳು ಹಾಕ್ಬೇಡ.’ ತಳ್ಳಿದೆ. ಫ್ಯಾನ್ ಸೋಮಾರಿಯಂತೆ ಎದ್ದು ತಿರುಗತೊಡಗಿತು. ‘ಹಾಂ, ಕಾಯಿಲ್ ಚೆನ್ನಾಗಿದೆ. ಕಂಡೆನ್ಸರ್ ಹೋಗಿದೆ, ಕಂಡೆನ್ಸರ್’ ಎಂದರು.

ಇಲ್ಲೊಂದು ಮಾತು ಹೇಳಬೇಕು. ಅಪ್ಪ ಮತ್ತು ಅವರಂಥ ಎಲ್ಲ ಮೆಕ್ಯಾನಿಕ್‌ಗಳೂ ಕೆಪಾಸಿಟರ್‌ಗೆ ‘ಕಂಡೆನ್ಸರ್’ ಎಂದೇ ಹೇಳುವುದು. ಫಿಸಿಕ್ಸ್ ಓದಿದ ಹಮ್ಮಿನಲ್ಲಿ ನಾನು ಎಷ್ಟೋ ಸಲ ತಿದ್ದಿದ್ದೆ, ‘ಅಪ್ಪ, ಅದು ಕಂಡೆನ್ಸರ್ ಅಲ್ಲ, ಕೆಪಾಸಿಟರ್’. ಈಗ ಕೆಪಾಸಿಟರ್‌ಗೆ ಫ್ರೆಂಚ್‌ನಲ್ಲಿ ಏನೆನ್ನುತ್ತಾರೋ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಮದಾಮ್ ಫೋನಿನತ್ತ ಬಾಗಿ ಕೂಗಿದರು: ‘ಆ! ಲ ಕೊಂದಾಂಸಾತರ್!’

‘ಹಾಂ, ಅದೇ, ಕಂಡೆನ್ಸರ್’ ಎಂದರು ಅಪ್ಪ ಆ ಕಡೆಯಿಂದ.

‘ವುಯಿ, ವುಯಿ, ಕೊಂದಾಂಸಾತರ್!’

ನಾನು ಸುಮ್ಮನೆ ಫೋನ್ ಹಿಡಿದುಕೊಂಡು ನಿಂತಿದ್ದೆ. ರೈಲ್ವೆ ಕಾರ್ಯಾಗಾರದವನ ಹೆಂಡತಿಗೂ ಕಾಮಾಕ್ಷಿಪಾಳ್ಯದ ಮೋಟಾರ್ ರಿಪೇರಿಯವರಿಗೂ ನಡುವೆ ನನ್ನ ಭಾಷಾಂತರ ಬೇಕಾಗಿರಲಿಲ್ಲ. ಫ್ಯಾನಿನ ಪ್ಲಗ್ ತೆಗೆದು, ಹಿಂಬದಿ ಬಿಚ್ಚಿ, ಕಂಡೆನ್ಸರ್ ಮೇಲೆ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮರುದಿನ ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು. ಅಪ್ಪ ಹೇಳಿಕೊಟ್ಟಂತೆ ಹಾಕಿದೆ. ಫ್ಯಾನ್ ತಿರುಗಿತು.

ಮದಾಮ್ ಕೇಳಿದರು: ‘ನಿನ್ನ ತಂದೆ ಎಂಜಿನಿಯರಾ?’

ಶಿಬಿರದ ಮೊದಲ ದಿನ ಪರಿಚಯ ಹೇಳುವಾಗ ‘ಅಪ್ಪನಿಗೆ ಒಂದು ಕಂಪನಿ ಇದೆ’ ಎಂದಿದ್ದವಳು ನಾನು. ವೀಸಾ ಕೌಂಟರಿನಲ್ಲಿ ಅಪ್ಪ ಹೇಳಲು ಹೊರಟಿದ್ದ ವಾಕ್ಯ ನೆನಪಾಯಿತು. ‘ಐ ಆಮ್... ಮೋಟಾರ್...’ ಆದಾದ ಮೇಲೆ ಏನಿತ್ತೋ? ನಾನು ಮುಗಿಸಲು ಬಿಟ್ಟಿರಲಿಲ್ಲ. ಪರದೇಶದ ಒಬ್ಬ ಅಜ್ಜಿ, ನನ್ನ ಹೆಸರನ್ನೂ ಸರಿಯಾಗಿ ಹೇಳಲಾಗದವರು, ನನ್ನ ಮುರುಕು ವಾಕ್ಯಕ್ಕಾಗಿ ಟಿ.ವಿ.ಯ ಸದ್ದು ತೆಗೆದು ಕಾದಿದ್ದರು. ನಾನು ಸ್ವಂತ ಅಪ್ಪನಿಗೆ ಅರ್ಧ ನಿಮಿಷ ಕೊಟ್ಟಿರಲಿಲ್ಲ.

‘ಇಲ್ಲ, ಮೋಟಾರ್ ರಿಪೇರಿ ಮಾಡ್ತಾರೆ’ ಎಂದೆ. ವ್ಯಾಕರಣ ತಪ್ಪಿಲ್ಲದೆ ಬಂದ ವಾಕ್ಯ ಅದು.

ಇಲ್ಲಿ ಯಾರು ಕಾಯುತ್ತಾರೆ?

ವಾಪಸ್ ಬಂದು ಬಿಇ ಸೇರಿದೆ. ಆಗಸ್ಟ್ 23ರಂದು ಚಂದ್ರಯಾನ ಇಳಿದಾಗ ಮದಾಮ್‌ರಿಂದ ಸಂದೇಶ: ‘ನಿನ್ನ ಮಾವ ಕ್ಷೇಮವೇ?’ ಈಗ ನಾನು ಆರನೇ ಸೆಮಿಸ್ಟರ್. ನಮ್ಮ ಬ್ಯಾಚಿನಲ್ಲಿ ಸಿಂಧನೂರು ಕಡೆಯ ಹುಡುಗನೊಬ್ಬನಿದ್ದಾನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮೊದಲ ವರ್ಷ ಅವನು ಬಾಯಿ ಬಿಟ್ಟದ್ದನ್ನು ನಾವು ಕೇಳಿರಲೇ ಇಲ್ಲ. ಸೆಮಿನಾರ್‌ಗೆ ನಿಂತರೆ ಎರಡನೇ ವಾಕ್ಯಕ್ಕೆ ಹಿಂದಿನ ಬೆಂಚಿನಿಂದ ನಗು. ಕಾಲೇಜು ಬಿಟ್ಟು ಹೋಗುತ್ತೇನೆ ಎಂದು ಒಮ್ಮೆ ಹಾಸ್ಟೆಲ್‌ನಲ್ಲಿ ಬ್ಯಾಗ್ ಕಟ್ಟಿಯೂ ಇದ್ದನಂತೆ. ಅವನ ಮೌನ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಅದರಲ್ಲಿ ಮೂರು ದಿನ ಇದ್ದು ಬಂದವಳು. ಅವನು ಮೂರು ವರ್ಷ ಇರಬೇಕಾಗಿತ್ತು.

ಇಂಡಕ್ಷನ್ ಮೋಟಾರ್ ಓದುವಾಗ ನಮ್ಮ ಗುಂಪಿಗೆ ಕರೆದೆವು. ‘ಮೊದಲು ಕನ್ನಡದಲ್ಲಿ ಹೇಳು, ಇಂಗ್ಲಿಷ್ ಆಮೇಲೆ ಹಚ್ಚೋಣ’ ಎಂದೆ. ಅವನು ತೋಟದ ಪಂಪ್‌ಸೆಟ್ ಇಟ್ಟುಕ

ೊಂಡು ‘ಸ್ಲಿಪ್’ ಎಂದರೇನೆಂದು ಹೇಳಿದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಈಗ ಇಂಗ್ಲಿಷಿನಲ್ಲೂ ಹೇಳುತ್ತಾನೆ, ನಿಧಾನವಾಗಿ. ನಾವು ಕಾಯುತ್ತೇವೆ.

ಇನ್ನೊಂದು ಕಡೆಯೂ ಇದೆ. ಹೊರ ರಾಜ್ಯದ ಸಹಪಾಠಿಗಳು ವಿಟಿಯುನ ‘ಬಳಕೆ ಕನ್ನಡ’ ಓದಿ ಬಂದು ‘ಊಟ ಆಯಿತಾ’ ಎನ್ನುವಷ್ಟರಲ್ಲಿ ನಾವೇ ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತೇವೆ. ಆಮೇಲೆ ಅವರು ಕನ್ನಡ ಕಲಿಯುವುದಿಲ್ಲ ಎಂದು ದೂರುತ್ತೇವೆ. ಮದಾಮ್‌ಗೆ ಇಂಗ್ಲಿಷ್ ಬಂದಿದ್ದರೆ ನನಗೆ ಫ್ರೆಂಚ್ ಬರುತ್ತಿರಲಿಲ್ಲ.

ಇಂಥ ಶಿಬಿರಕ್ಕೆ ಹೋಗಬೇಕೇ ಎಂದು ತಂಗಿಯ ವಯಸ್ಸಿನವರು ನನ್ನನ್ನು ಕೇಳುತ್ತಾರೆ. ಹಣವಿದ್ದರೆ ಹೋಗಿ, ಆದರೆ ಸಾಲ ಮಾಡಿ ಹೋಗಬೇಡಿ. ಹೋಗುವುದಾದರೆ ಹಾಸ್ಟೆಲ್‌ಗಿಂತ ಮನೆಯಲ್ಲಿ ಉಳಿಯಿರಿ, ನಮ್ಮ ಊರಿನವರ ಗುಂಪಿನಿಂದ ದೂರವಿರಿ. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಕಲಿಯಬಹುದು. ನಾನು ಬಿ1 ಮುಗಿಸಿದ್ದು ಅಲ್ಲೇ. ಡೆಲ್ಫ್ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಫ್ರಾನ್ಸ್ 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿ ಇಟ್ಟುಕೊಂಡಿದೆ. ಕ್ಯಾಂಪಸ್ ಫ್ರಾನ್ಸ್ ಮೂಲಕ ಶಾರ್‌ಪಾಕ್‌ನಂಥ ವಿದ್ಯಾರ್ಥಿವೇತನದ ಮಾಹಿತಿ ಸಿಗುತ್ತದೆ. ತೂರ್‌ನ ಟ್ರಾಮ್ ತಯಾರಿಸಿದ ಆಲ್‌ಸ್ಟಮ್ ಸೇರಿ ಹಲವು ಫ್ರೆಂಚ್ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ಆದರೆ ಅಂಕಕ್ಕಾಗಿ ಮಾತ್ರ ಭಾಷೆ ತೆಗೆದುಕೊಳ್ಳುತ್ತಿದ್ದರೆ ಒಂದು ಮಾತು: 97 ಬರುತ್ತದೆ, ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಕಳೆದ ತಿಂಗಳು ಶಿಕ್ಷಣ ಸಾಲದ ವಿಷಯಕ್ಕೆ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಹೊಸದಾಗಿ ವರ್ಗವಾಗಿ ಬಂದ ಮ್ಯಾನೇಜರ್‌ಗೆ ಕನ್ನಡ ಬರುತ್ತಿರಲಿಲ್ಲ. ಅಪ್ಪನ ಉದ್ಯೋಗ ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿದ್ದ ಪೆನ್ ನೋಡುತ್ತ ಕುಳಿತೆ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ.

‘ಸರ್, ಐ ಆಮ್... ಮೋಟಾರ್ ರಿವೈಂಡಿಂಗ್. ಟ್ವೆಂಟಿ ಟೂ ಇಯರ್ಸ್. ಓನ್ ಶಾಪ್’ ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ಕೈ ತೋರಿಸಿ ಸೇರಿಸಿದರು: ‘ಶಿ ಈಸ್ ಆಲ್ಸೋ ಮೋಟಾರ್.’

ಮ್ಯಾನೇಜರ್ ನಕ್ಕರು. ಅಪ್ಪನೂ ನಕ್ಕರು. ಆ ವಾಕ್ಯದಲ್ಲಿ ತಿದ್ದಬೇಕಾದ್ದು ನನಗೇನೂ ಕಾಣಲಿಲ್ಲ.